ಮುಪ್ಪು ಹೀರುವ ಯಂತ್ರ

ನನಗೆ ನಗೆಯ ಸಿನೆಮಾ ಎಂದರೆ ಹೆದರಿಕೆ. ದೆವ್ವದ ಚಿತ್ರವಾದರೆ ಮೊಮ್ಮಕ್ಕಳ ನಡುವೆ ಕೂತು ಪುಟಾಣಿ ಕಡಲೆ ತಿನ್ನುತ್ತ ನೋಡುತ್ತೇನೆ. ಬಿಳಿ ಸೀರೆಯವಳು ಬಾವಿಯಿಂದ ಎದ್ದು ಬಂದರೆ, ಪಾಪ, ತೊಯ್ದು ಹೋಗಿದ್ದಾಳೆ, ನೆಗಡಿಯಾದೀತು ಅನ್ನಿಸುತ್ತದೆಯೇ ಹೊರತು ಬೇರೇನಿಲ್ಲ. ಆದರೆ ಪರದೆಯ ಮೇಲೆ ಒಬ್ಬ ಗಡ್ಡದವನು ಕಾಲು ಜಾರಿ ಹಿಟ್ಟಿನ ಚೀಲದಲ್ಲಿ ಬಿದ್ದು, ಬೆಳ್ಳಗಾಗಿ ಎದ್ದು ನಿಂತು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರೆ ನಾನು ಮೆಲ್ಲಗೆ ಎದ್ದು ಅಡಿಗೆಮನೆಗೆ ಹೋಗುತ್ತೇನೆ. "ನಮ್ಮ ಅಜ್ಜಿಗೆ ನಗಾಕ ಬರಂಗಿಲ್ಲ" ಎಂದು ಮೊಮ್ಮಗಳು ಬಂದವರ ಮುಂದೆಲ್ಲ ಹೇಳುತ್ತಾಳೆ. ನನಗೆ ನಗಲು ಬರುತ್ತದೆ. ಹಾಗೆ ನಗುತ್ತ ಕೂತಿದ್ದಾಗಲೇ ಒಂದು ಸಲ ನಮ್ಮ ಮನೆಯಲ್ಲಿ ನಡೆಯಬಾರದ್ದು ನಡೆಯಿತು, ಅಷ್ಟೆ.

ಮುಪ್ಪಿನ ಬಗ್ಗೆ ನಮ್ಮ ಮಾತೇ ವಿಚಿತ್ರ ನೋಡಿ. ಹುಡುಗಿ "ವಯಸ್ಸಿಗೆ ಬಂದಳು" ಎನ್ನುತ್ತೇವೆ. ಆಮೇಲೆ ಬಹಳ ದಿನ ಸುಮ್ಮನಿದ್ದು, ಒಂದು ದಿನ ಇದ್ದಕ್ಕಿದ್ದಂತೆ "ವಯಸ್ಸಾಯಿತು" ಎನ್ನುತ್ತೇವೆ. ಇವೆರಡರ ನಡುವೆ ಮನುಷ್ಯನಿಗೆ ವಯಸ್ಸೇ ಇರಲಿಲ್ಲವೋ ಎಂಬಂತೆ. ಬುದ್ಧಿ ಹಿಂದುಮುಂದಾದ ಹಿರಿಯರಿಗೆ "ಅರಳು ಮರಳು" ಎಂದು ಹೆಸರಿಟ್ಟವರು ಯಾರೋ, ಅವರ ಕಾಲಿಗೆ ನಾನು ಬಿದ್ದೇನು. ಅರಳುವುದು ಎಂದರೆ ಹೂವಿನ ಕೆಲಸ. ಮರಳುವುದು ಎಂದರೆ ಹೋದ ದಾರಿಯಲ್ಲೇ ಹಿಂದಕ್ಕೆ ಬರುವುದು. ಪಂಡಿತರು ಈ ಮಾತಿಗೆ ಬೇರೇನೋ ಅರ್ಥ ಹೇಳಿಯಾರು. ನಾನು ಕಣ್ಣಾರೆ ಕಂಡದ್ದು ಮಾತ್ರ ಇದೇ ಅರ್ಥ.

ನಾನು ಕುಷ್ಟಗಿಯವಳು. ಲಗ್ನವಾಗಿ ಕೊಪ್ಪಳಕ್ಕೆ ಬಂದಾಗ ಇನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಮಾವನವರು, ರಾಚಪ್ಪನವರು, ಹತ್ತಿ ವ್ಯಾಪಾರಿ. ಮಾತು ಕಡಿಮೆ, ತಲೆಯ ಪಟಕಾ ದೊಡ್ಡದು. ಅತ್ತೆ ಬಸವ್ವ ಅಳವಂಡಿಯವಳು. ಆಕೆಯ ಬಾಯಿಗೆ ಓಣಿಯ ನಾಯಿಯೂ ಅಂಜುತ್ತಿತ್ತು ಎಂದು ನಮ್ಮವರೇ, ಅಂದರೆ ಆಕೆಯ ಮಗನೇ, ನನಗೆ ಮೊದಲ ವಾರವೇ ಎಚ್ಚರಿಕೆ ಕೊಟ್ಟಿದ್ದರು. ಗಂಡಹೆಂಡತಿ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಅತ್ತೆ ತಾಟನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಅವರು ಎದ್ದು ಬರುತ್ತಿದ್ದರು. ಅವರ ಸಂಸಾರವೆಲ್ಲ ಆ ತಾಟಿನ ಸದ್ದಿನಲ್ಲೇ ನಡೆದಿತ್ತು.

ಒಂದು ಬೇಸಿಗೆಯಲ್ಲಿ, ಹತ್ತಿಯ ಸುಗ್ಗಿ ಮುಗಿದು ಮಾವನವರ ಗೋದಾಮು ಖಾಲಿ ಬಿದ್ದಿದ್ದಾಗ, ಬಾಬಾಸಾಬ ಎಂಬ ಬಯಸ್ಕೋಪಿನವನು ಬಂದು ಅದನ್ನು ಕೇಳಿದ. ಆ ಹೊತ್ತಿಗೆ ಗದಗು, ಹುಬ್ಬಳ್ಳಿಯಲ್ಲಿ ಪರದೆಯ ಮೇಲಿನವರು ಮಾತಾಡಲು, ಹಾಡಲು ಕಲಿತುಬಿಟ್ಟಿದ್ದರು. ಅಲ್ಲಿ ಯಾರಿಗೂ ಬೇಡವಾದ ಮೂಕ ಚಿತ್ರಗಳು, ಹಳೆಯ ಸೀರೆ ಕೌದಿ ಹೊಲಿಯಲು ಬರುವ ಹಾಗೆ, ನಮ್ಮ ನಿಜಾಮರ ಸೀಮೆಗೆ ಬರುತ್ತಿದ್ದವು. ಬಾಬಾಸಾಬ ಪರದೆಯ ಪಕ್ಕದಲ್ಲಿ ಬೆತ್ತ ಹಿಡಿದು ನಿಂತು ಕತೆ ಹೇಳುವವನು. ಯಂತ್ರದ ಹಿಡಿಕೆ ತಿರುಗಿಸುವವಳು ಅವನ ಹೆಂಡತಿ ಹುಸೇನಬಿ. ಹೆಣ್ಣುಮಕ್ಕಳಿಗೆಂದೇ ಮಧ್ಯಾಹ್ನದ ಹೊತ್ತು ಬೇರೆ ಆಟ ಇಟ್ಟಿದ್ದರು. ಅದಕ್ಕೆ ಅತ್ತೆಯೂ ನಾನೂ ಹೋದೆವು. ಕಿಟಕಿಗಳಿಗೆಲ್ಲ ಗೋಣಿತಟ್ಟು ಹೊದಿಸಿ, ಬಾಗಿಲು ಹಾಕಿದರೆ ಒಳಗೆ ಕತ್ತಲು. ಹೊರಗೆ ರಣರಣ ಬಿಸಿಲು. ಕೂತ ಹೆಂಗಸರ ಬಳೆಯ ಸದ್ದು ಮಾತ್ರ ಕೇಳಿಸುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಗೋದಾಮಿನ ಯಜಮಾನರೆಂದು ಮಾವನವರು ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಚಿತ್ರ ಫ್ರಾನ್ಸ್ ದೇಶದ್ದಂತೆ. ನಡುನಡುವೆ ಬರುವ ಅಕ್ಷರ ಬಾಬಾಸಾಬನಿಗೂ ಬರುತ್ತಿರಲಿಲ್ಲ. ಆದರೂ ಅವನು ಬಿಡಲಿಲ್ಲ. "ನೋಡ್ರೆವ್ವಾ, ಇಂವ ಪ್ಯಾರಿಸ್ ಊರಿನ ದೊಡ್ಡ ಪಂಡಿತ. ಮುಪ್ಪು ಅಂದ್ರ ಬ್ಯಾರೆ ಏನಲ್ಲ, ಮೈಯಾಗ ಕೂಡೋ ಧೂಳು ಅಂತ ಇಂವ ಕಂಡುಹಿಡದಾನ" ಎಂದ. ಪಂಡಿತ ಒಂದು ಯಂತ್ರ ಮಾಡಿದ್ದ. ಕಮ್ಮಾರನ ತಿದಿಯಂಥದೊಂದು, ಅದಕ್ಕೊಂದು ದೊಡ್ಡ ತುತ್ತೂರಿ. ಮುದುಕರನ್ನು ಕುರ್ಚಿಯಲ್ಲಿ ಕೂಡಿಸಿ ತುತ್ತೂರಿಯನ್ನು ತಲೆಗೆ ಹಿಡಿದು ತಿದಿ ಒತ್ತಿದರೆ ಬಿಳಿಯ ಧೂಳು ಹೊರಬಂದು ಗಾಜಿನ ಭರಣಿಯಲ್ಲಿ ಕೂಡುತ್ತಿತ್ತು. ಮುದುಕರು ಕುಣಿಯುತ್ತ ಹೊರಗೆ ಬರುತ್ತಿದ್ದರು. ಮೀಸೆಯ ದಂಡನಾಯಕನೊಬ್ಬ ಅತಿಯಾಸೆಯಿಂದ ಹೆಚ್ಚು ಹೊತ್ತು ಕೂತು ತೊಟ್ಟಿಲ ಕೂಸಾಗಿ, ಕತ್ತಿ ಸಮೇತ ಅತ್ತ. ಬೆಕ್ಕೊಂದು ಭರಣಿ ಉರುಳಿಸಿ, ಅದರ ಧೂಳು ಮೂಸಿ, ಗಡ್ಡ ಬಂದು ಕೋಲೂರಿಕೊಂಡು ನಡೆಯಿತು. ನಾವೆಲ್ಲ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಕೊನೆಗೆ ಪಂಡಿತ ತಾನೇ ಕುರ್ಚಿಯಲ್ಲಿ ಕೂತ. ಹರೆಯದವನಾಗಿ ಎದ್ದ. ಬಾಗಿಲಲ್ಲಿ ಅವನ ಮುದಿ ಹೆಂಡತಿ ನಿಂತಿದ್ದಳು. ಅವನು ಟೊಪ್ಪಿಗೆ ತೆಗೆದು, ಯಾರೋ ಹಿರಿಯಳಿಗೆ ಮಾಡುವಂತೆ ಬಾಗಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆಕೆ ನೆಲಮಾಳಿಗೆಗೆ ಹೋಗಿ ಅವನ ಭರಣಿಯನ್ನು ಹುಡುಕಿ ಮಡಿಲಲ್ಲಿಟ್ಟುಕೊಂಡು ಕೂತಳು. ಅಲ್ಲಿ ಬಾಬಾಸಾಬನ ಬೆತ್ತ ನಿಂತಿತು. ಏನು ಹೇಳಬೇಕೋ ಅವನಿಗೆ ತೋಚಲಿಲ್ಲ. ಯಂತ್ರದ ಕಟಕಟ ಸದ್ದಿನಲ್ಲಿ ಆ ಬಾಯಿಲ್ಲದ ಹೆಂಗಸು ನಮ್ಮ ಕಡೆ ನೋಡುತ್ತ ಏನೋ ಹೇಳಿದಳು. ಯಾರಿಗೂ ತಿಳಿಯಲಿಲ್ಲ. ಮರುಕ್ಷಣ ಭರಣಿಗಳೆಲ್ಲ ಸಿಡಿದು, ಪ್ಯಾರಿಸ್ಸಿನ ಮೇಲೆಲ್ಲ ಮುಪ್ಪಿನ ಧೂಳು ಸುರಿದು, ಕುದುರೆಗೂ ಕೂಸಿಗೂ ಗಡ್ಡ ಬಂದು ಆಟ ಮುಗಿಯಿತು.

ಬಾಗಿಲು ತೆರೆದು ಬಿಸಿಲಿಗೆ ಬಂದಾಗ ಒಬ್ಬರನ್ನೊಬ್ಬರು ನೋಡಿ ನಾವು ತಟ್ಟನೆ ಸುಮ್ಮನಾದೆವು. ಗೋದಾಮಿನ ತೊಲೆಗಳಲ್ಲಿ ಕೂತಿದ್ದ ಹತ್ತಿಯ ಎಳೆ ಉದುರಿ ಎಲ್ಲರ ತಲೆ, ಹುಬ್ಬು ಬೆಳ್ಳಗಾಗಿದ್ದವು. ಹದಿನಾರರ ಹುಡುಗಿಯರೂ ಮುದುಕಿಯರಾಗಿದ್ದರು. ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ಸೆರಗಿನಿಂದ ತಲೆ ಝಾಡಿಸಿಕೊಂಡೆವು. ಅಷ್ಟರಲ್ಲಿ ಮಾವನವರು ಹೊರಬಂದರು. ಎದುರಿಗೆ ಅತ್ತೆ ನಿಂತಿದ್ದಳು. ಅವರು ಆಕೆಯನ್ನು ನೋಡಿದರು, ಸ್ವಲ್ಪ ಬಾಗಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನನ್ನನ್ನು ಕೇಳಿದರು:

"ಈ ಹಿರೇಮನಿಷ್ಯಾಳು ಯಾರವ್ವಾ? ಬಿಸಲಾಗ ನಿಂತಾರಲ್ಲ."

ಹೆಂಗಸರು ಗೊಳ್ಳೆಂದು ನಕ್ಕರು. ಮಾತೇ ಆಡದ ರಾಚಪ್ಪ ಚೇಷ್ಟೆ ಮಾಡಿದನಲ್ಲ ಎಂದು. ನಾನೂ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ. ಆಕೆ ತಲೆಯ ಮೇಲಿನ ಹತ್ತಿಯನ್ನು ತೆಗೆಯುತ್ತಿದ್ದವಳು ಕೈ ಹಾಗೇ ಹಿಡಿದು ಅವರ ಕಣ್ಣನ್ನೇ ನೋಡುತ್ತಿದ್ದಳು.

ಈಗ ಯೋಚಿಸಿದರೆ, ಅದಕ್ಕೂ ಮೊದಲೇ ಅವರು ಒಂದೆರಡು ಸಲ ಮನೆಯ ದಾರಿ ತಪ್ಪಿದ್ದರು, ಸತ್ತವರನ್ನು ವಿಚಾರಿಸಿದ್ದರು. ನಾವು ಗಮನಿಸಿರಲಿಲ್ಲ. ಆದರೆ ಆ ಮಧ್ಯಾಹ್ನದ ನಂತರ ಅವರು ಹಿಂದಕ್ಕೆ ನಡೆಯತೊಡಗಿದ್ದು ಎಲ್ಲರಿಗೂ ಕಂಡಿತು. ಮೊದಲು, ಎಂದೋ ಮಾರಿದ ಎತ್ತುಗಳಿಗೆ ಮೇವು ಹಾಕಿಲ್ಲವೆಂದು ಕೂಗಾಡಿದರು. ಸ್ವಲ್ಪ ದಿನ ಕಳೆದ ಮೇಲೆ, ಊರಿಗೆ ಪ್ಲೇಗು ಬಂದಿದೆ, ಎಲ್ಲರೂ ಗುಡಿಸಲು ಹಾಕಿಕೊಂಡು ಹೊರಗಿರಬೇಕು ಎಂದು ಗಂಟು ಕಟ್ಟಿದರು. ಆ ಪ್ಲೇಗು ನಾನು ಹುಟ್ಟುವ ಮೊದಲಿನದು. ನಮ್ಮವರನ್ನು ನೋಡಿ "ಯಾರ ಪೈಕಿ ತಮ್ಮಾ ನೀ?" ಎಂದು ಕೇಳಿದ ದಿನ ನಮ್ಮವರು ತಹಸೀಲಿ ಕಚೇರಿಯ ಕೆಲಸಕ್ಕೆ ಹೋಗದೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಎಲ್ಲಕ್ಕಿಂತ ನನ್ನ ಮೈ ಜುಮ್ಮೆನ್ನಿಸಿದ್ದು ಪಡಸಾಲೆಯ ಕನ್ನಡಿ. ಮಾವನವರು ಅದರ ಮುಂದೆ ಹಾದುಹೋಗುವಾಗ ನಿಂತು, ಕೈಮುಗಿದು, ತಲೆ ತಗ್ಗಿಸುತ್ತಿದ್ದರು. ಒಂದು ದಿನ ನನ್ನ ಹತ್ತಿರ ಬಂದು ಪಿಸುಮಾತಿನಲ್ಲಿ ಹೇಳಿದರು:

"ಅಪ್ಪಾರು ಸಿಟ್ಟಾಗ್ಯಾರೇನು? ದಿನಾ ಅಲ್ಲೇ ನಿಂತು ನೋಡತಾರ. ಒಂದ ಮಾತೂ ಆಡವಲ್ರು."

ಅತ್ತೆ ಅಂದೇ ಕನ್ನಡಿಗೆ ಕಂಬಳಿ ಹೊದಿಸಿದಳು. ಹಣೆಗೆ ಕುಂಕುಮವನ್ನು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಟ್ಟುಕೊಳ್ಳತೊಡಗಿದೆವು. ಅತ್ತೆಸೊಸೆ ಹತ್ತಿರವಾದದ್ದು ಹೀಗೆ.

ಹಕೀಮರು ಬಂದರು, ಎಣ್ಣೆ ಕೊಟ್ಟರು. ಸ್ವಾಮಿಗಳು ಬಂದರು, ಅಂಗಾರದ ಬೂದಿ ಕೊಟ್ಟರು. ಆಮೇಲೆ ಅತ್ತೆಯ ಅಣ್ಣ ನಿಂಗಪ್ಪಮಾವ ಅಳವಂಡಿಯಿಂದ ಬಂದು ಎಲ್ಲ ಕೇಳಿ, ಮೀಸೆ ತಿರುವಿ, ತೀರ್ಪು ಕೊಟ್ಟ. "ಇದು ರೋಗಲ್ಲ. ಆ ಬಯಸ್ಕೋಪಿನ ಯಂತ್ರ ಇವರ ವಯಸ್ಸು ಹೀರೇತಿ. ಹೀರಿದ್ದನ್ನ ಅದರ ಕಡೀಂದನ ವಾಪಸ್ ತಗೊಂಡ್ರ ಆತು. ಉಲ್ಟಾ ತಿರುಗಸಾಕ ಹಚ್ಚೂಣು." ನಮ್ಮವರು ಉರ್ದು ಶಾಲೆಯಲ್ಲಿ ವಿಜ್ಞಾನ ಓದಿದವರು. ಇದು ಹುಚ್ಚು ಎಂದು ವಾದಿಸಿದರು. ನಾನೂ ತಲೆಯಾಡಿಸಿದೆ. ಆದರೆ ಒಳಗೊಳಗೆ, ಇದ್ದರೂ ಇರಬಹುದಲ್ಲ ಎಂದುಕೊಂಡೆ. ಉಪಾಯವೆಲ್ಲ ಮುಗಿದ ಮನೆಯಲ್ಲಿ ಹುಚ್ಚು ಮಾತಿಗೂ ಒಂದು ಮಣೆ ಹಾಕುತ್ತಾರೆ. ಅತ್ತೆ "ನಡೀರಿ, ಹೋಗೂಣು" ಎಂದಳು.

ಬಾಬಾಸಾಬ ಆಗ ಗಂಗಾವತಿಯಲ್ಲಿದ್ದ. ನಿಂಗಪ್ಪಮಾವ ಎತ್ತಿನ ಕೊಲ್ಲಾರಿ ಗಾಡಿ ಹೂಡಿದ. ಮಾವನವರು, ಅತ್ತೆ, ಅತ್ತೆಯ ಕೈಗೆ ಆಸರೆಯಾಗಿ ನಾನು. ಭತ್ತದ ಗದ್ದೆಗಳ ನಡುವೆ, ಒಂದು ಅಕ್ಕಿ ಗಿರಣಿಯ ಒಳಗೆ, ಅವನ ಪರದೆ ಕಟ್ಟಿತ್ತು. ನಮ್ಮ ಬೇಡಿಕೆ ಕೇಳಿ ಅವನ ಮುಖ ಸಣ್ಣದಾಯಿತು. "ಯಾ ಅಲ್ಲಾ, ಇದು ಬರೇ ಚಿತ್ರರೀ. ನಗಸಾಕ ಮಾಡಿದ್ದು. ನಂದೇನೂ ತಪ್ಪಿಲ್ರಿ" ಎಂದ. ಹುಸೇನಬಿ ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಗಂಡನಿಗೆ ಹೇಳಿದಳು: "ತಿರುಗಸಿದ್ರ ಏನು ಕೈ ಸವೀತಾವೇನು? ಬಾಗಲಾ ಹಾಕು."

ಮಧ್ಯಾಹ್ನದ ಆ ಖಾಲಿ ಗಿರಣಿಯಲ್ಲಿ ನೋಡುವವರು ನಾವು ನಾಲ್ಕೇ ಜನ. ಹುಸೇನಬಿ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದಳು. ಪ್ಯಾರಿಸ್ಸಿನ ಬೀದಿಗಳಿಂದ ಬಿಳಿಯ ಧೂಳು ಮೇಲಕ್ಕೆ ಎದ್ದಿತು. ಜನ ಬೆನ್ನು ಮುಂದು ಮಾಡಿ ನಡೆದರು. ಒಡೆದ ಭರಣಿಗಳ ಚೂರು ತಾವಾಗಿ ಕೂಡಿಕೊಂಡವು. ಆ ಮುದಿ ಹೆಂಡತಿ ಮಡಿಲ ಭರಣಿಯನ್ನು ಹಿಂದಕ್ಕಿಟ್ಟು, ಮೆಟ್ಟಿಲನ್ನು ಬೆನ್ನಿನಿಂದ ಹತ್ತಿ ಬಾಗಿಲಿಗೆ ಬಂದಳು. ಹರೆಯದ ಪಂಡಿತ ಹಿಂದೆಹಿಂದೆ ನಡೆದು ಕುರ್ಚಿಯಲ್ಲಿ ಕೂತ. ಧೂಳು ತುತ್ತೂರಿಯಿಂದ ಹೊರಟು ಅವನ ಮೈಯೊಳಗೆ ಇಳಿಯತೊಡಗಿತು. ಕೆನ್ನೆ ಒಳಕ್ಕೆ ಹೋಯಿತು, ಬೆನ್ನು ಬಾಗಿತು, ಗಡ್ಡ ಬೆಳ್ಳಗಾಯಿತು. ಮುಂದಕ್ಕೆ ಓಡಿದಾಗ ನಾವು ಬಿದ್ದು ಬಿದ್ದು ನಕ್ಕ ಭಾಗ ಅದು.

ಮಾವನವರು ಎದ್ದು ನಿಂತಿದ್ದರು. ಎರಡೂ ಕೈಯಿಂದ ತಮ್ಮ ಕೆನ್ನೆ, ಹಣೆ, ಕುತ್ತಿಗೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಪಾಪ" ಎಂದರು. "ಆ ಹುಡುಗಗ ಏನ ಮಾಡಾಕ ಹತ್ಯಾರ?"

ಅತ್ತೆ ಎದ್ದಳು. "ಸಾಕು ಬಿಡವ್ವಾ. ನಿಲ್ಲಸು" ಎಂದಳು. ನಿಂಗಪ್ಪಮಾವ ಇನ್ನೊಂದಿಷ್ಟು ಹೊತ್ತು ಎಂದ. ಅತ್ತೆ ಕೇಳಲಿಲ್ಲ. "ಇವರಿಗೆ ಅಂಜಿಕಿ ಆಗೇತಿ. ಅಂಜಿಸಿ ಕರಕೊಂಡು ಬರೋದು ಬ್ಯಾಡ. ಎಲ್ಲಿ ಹೊಂಟಾರೋ ಹೋಗಲಿ. ನಾನೇ ಹಿಂದ ಹೋಗ್ತೀನಿ."

ಮರಳಿ ಬರುವಾಗ ಗಿಣಿಗೇರಾದ ಹತ್ತಿರ ಬೇವಿನ ಮರದ ಕೆಳಗೆ ಎತ್ತಿಗೆ ನೀರು ಕುಡಿಸಲು ಗಾಡಿ ಬಿಟ್ಟೆವು. ಬಿಸಿಲು ಇಳಿಯುತ್ತಿತ್ತು. ಮಾವನವರು ಅತ್ತೆಯ ಪಕ್ಕದಲ್ಲಿ ಕೂತಿದ್ದರು. ಅವರ ದನಿ ಬದಲಾಗಿತ್ತು. ಗಂಟಲಿನ ಮುದಿ ಗೊರಗೊರ ಹೋಗಿ, ಹುಡುಗರ ಆತುರ ಬಂದಿತ್ತು.

"ಯವ್ವಾ, ನೀವು ಅಳವಂಡಿ ಕಡ್ಯಾರಂತಲ್ಲ. ಅಲ್ಲಿ ಬಸವ್ವ ಅಂತ ಒಂದ ಹುಡುಗಿ ಐತಿ. ಗೊತ್ತೇನ್ರಿ?"

ಅತ್ತೆ ಬುತ್ತಿಯ ಗಂಟು ಬಿಚ್ಚುತ್ತಿದ್ದಳು.

"ಗೊತ್ತೈತಿ. ಯಾಕ?"

"ಬರೋ ವಾರ ನನಗೂ ಆಕೀಗೂ ಲಗ್ನ. ಹಿರ್ಯಾರು ಗೊತ್ತು ಮಾಡ್ಯಾರ. ನಾ ನೋಡಿಲ್ಲ. ಆಕೀ ಬಾಯಿ ಭಾಳ ಜೋರ ಅಂತಾರ. ನನಗ ಮಾತ ಬರಂಗಿಲ್ಲ, ಆಕಿ ಜೋಡಿ ಹ್ಯಾಂಗ ಬಾಳೇವು ಮಾಡ್ಲಿ? ನಾ ಹುಬ್ಬಳ್ಳಿಗೆ ಓಡಿ ಹೋಗಬೇಕಂತ ಮಾಡೀನಿ. ಯಾರಿಗೂ ಹೇಳಬ್ಯಾಡ್ರಿ."

ಮಕ್ಕಳು, ಮೊಮ್ಮಕ್ಕಳು, ಮನೆ, ನನ್ನ ಗಂಡ, ಎಲ್ಲ ಆಕೆಯ ಒಂದು ಉತ್ತರದ ಮೇಲೆ ನಿಂತಿರುವ ಹಾಗೆ ಕಂಡಿತು. ಅತ್ತೆ ರೊಟ್ಟಿ ಮುರಿದು, ಮೇಲೆ ಶೇಂಗಾ ಚಟ್ನಿ ಹಾಕಿ, ಅವರ ಕೈಗಿಟ್ಟಳು.

"ಬಾಯಿ ಜೋರ ಹೌದು. ಸುಳ್ಳ ಯಾಕ ಹೇಳ್ಲಿ" ಎಂದಳು. "ನೀ ಓಡಿ ಹೋದ್ರ ಆಕೀಗೇನು, ಮತ್ತೊಬ್ಬ ವರ ಸಿಗ್ತಾನ. ನಿನಗ ಮಾತ್ರ ಆಕಿ ಸಿಗಂಗಿಲ್ಲ ನೋಡು."

ಅವರು ಬಹಳ ಹೊತ್ತು ರೊಟ್ಟಿ ತಿಂದರು. ಆಮೇಲೆ, "ಹಂಗಾರ ಇರ್ತೀನಿ ಬಿಡ್ರಿ" ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪ್ರೇಮ ಪ್ರಕರಣ ಶುರುವಾಯಿತು. ಮಾವನವರು ಬೆಳಿಗ್ಗೆ ಎದ್ದ ಕೂಡಲೇ ಅತ್ತೆಯನ್ನು ಮೂಲೆಗೆ ಕರೆದು, ಹುಡುಗಿಗೆ ಒಂದು ಮಾತು ಮುಟ್ಟಿಸಲು ಹೇಳುತ್ತಿದ್ದರು. ಆಕೆಗೆ ಕೆಂಪು ಇಷ್ಟವೋ ಹಸಿರೋ. ಹಾಡು ಬರುತ್ತದೆಯೋ. ಅತ್ತೆ ಹಿತ್ತಲಿಗೆ ಹೋಗಿ, ಕಟ್ಟಿಗೆಯ ಒಟ್ಟಿಲ ಹಿಂದೆ ಸ್ವಲ್ಪ ಹೊತ್ತು ನಿಂತು, ಬಂದು ಉತ್ತರ ಕೊಡುತ್ತಿದ್ದಳು. ಅಲ್ಲಿ ಯಾಕೆ ನಿಲ್ಲುತ್ತೀರಿ ಎಂದು ಕೇಳಿದೆ. "ಅಳವಂಡಿಗೆ ಹೋಗಿ ಬರಾಕ ಹೊತ್ತು ಬೇಕಲ್ಲ" ಎಂದಳು. ಯುದ್ಧ ಶುರುವಾಗಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಅವರಿಬ್ಬರಿಗೆ ಅದರ ಖಬರೇ ಇರಲಿಲ್ಲ. ತಾಟಿನ ಸದ್ದು ನಿಂತಿತ್ತು. ಊಟಕ್ಕೆ ಆಕೆ ಬಾಯಿಬಿಟ್ಟು ಕರೆಯುತ್ತಿದ್ದಳು.

ಆದರೆ ಒಂದು ತೊಡಕಿತ್ತು. ಅದನ್ನು ಮೊದಲು ಕಂಡವಳು ಅತ್ತೆಯೇ. ಒಂದು ಸಂಜೆ ಅಕ್ಕಿ ಆರಿಸುತ್ತ ಹೇಳಿದಳು: "ಮೊದಲ ಬರೋ ವಾರ ಲಗ್ನ ಅಂತಿದ್ರು. ಆಮ್ಯಾಲೆ ಬರೋ ತಿಂಗಳ ಅಂದ್ರು. ಈಗ ದೀಪಾವಳಿ ಮುಗೀಲಿ ಅಂತಾರ. ದಿನಾ ದಿನಾ ಲಗ್ನ ದೂರ ಹೊಂಟೈತಿ." ಹಿಂದಕ್ಕೆ ನಡೆಯುವವನಿಗೆ ಮುಂದಿನದೆಲ್ಲ ದೂರವಾಗುತ್ತದೆ. ಇನ್ನು ಸ್ವಲ್ಪ ದಿನ ಹೋದರೆ ಅವರಿಗೆ ಹುಡುಗಿಯನ್ನೇ ಗೊತ್ತು ಮಾಡಿರುವುದಿಲ್ಲ. ಆಕೆ ಮೊರ ಕೆಳಗಿಟ್ಟಳು. "ಕಾಯೋದು ಬ್ಯಾಡ. ನಾಳೆ ಮಾಡಿಬಿಡೂಣು."

ಮರುದಿನ ಮುಂಜಾನೆ ಪಡಸಾಲೆಯಲ್ಲಿ ಜಮಖಾನ ಹಾಸಿದೆ. ನಮ್ಮವರು ತಂದೆಗೆ ಜರಿಯ ಪಟಕಾ ಸುತ್ತಿದರು. ಅತ್ತೆ ಇಲಕಲ್ಲ ಸೀರೆಯುಟ್ಟು, ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಬಂದು ಅವರ ಬಲಕ್ಕೆ ಕೂತಳು. ಮಗನೇ ತಂದೆತಾಯಿಯ ಮೇಲೆ ಅಕ್ಕಿಕಾಳು ಹಾಕಬೇಕು. ನಮ್ಮವರ ಕೈ ಮೇಲೇಳಲಿಲ್ಲ. ಕಂಬಳಿ ಹೊದ್ದ ಕನ್ನಡಿ ಒಬ್ಬ ಹಿರಿಯನ ಹಾಗೆ ನಮ್ಮ ಹಿಂದೆ ನಿಂತಿತ್ತು. ಮಾವನವರು ಪಕ್ಕದ ಮುಸುಕನ್ನು ನೋಡಿದರು, ಬೆವರಿದರು, ಅತ್ತಿತ್ತ ಹುಡುಕಿದರು.

"ಆ ಮುದುಕಿ ಎಲ್ಲಿ?" ಎಂದು ನನ್ನನ್ನು ಕೇಳಿದರು.

"ಯಾವ ಮುದುಕಿರಿ?"

"ಅದೇ, ಅಳವಂಡಿ ಯವ್ವ. ಆಕೀನ ಕರೀರಿ. ಆಕಿ ಬರದ ನಾ ಲಗ್ನ ಆಗಂಗಿಲ್ಲ."

ಸೆರಗಿನೊಳಗೆ ಬಳೆ ಅಲುಗಿತು. ಆಕೆ ಎರಡೂ ಕೈಯಿಂದ ಮುಸುಕನ್ನು ಹಿಂದಕ್ಕೆ ಸರಿಸಿದಳು. ಹರೆಯದ ಹುಡುಗಿಯಾಗಿ ಕೂಡಲು ಅಷ್ಟೆಲ್ಲ ಸಿಂಗಾರ ಮಾಡಿಕೊಂಡಿದ್ದಳು. ಸುಕ್ಕುಗಟ್ಟಿದ ಮುಖ, ಒದ್ದೆಯಾದ ಕಣ್ಣು ಕಂಡವು.

"ಇಲ್ಲೇ ಅದೀನಿ" ಎಂದಳು.

"ಹಾಂ, ಬಂದ್ರ್ಯಾ" ಎಂದು ಅವರು ನಿಟ್ಟುಸಿರು ಬಿಟ್ಟು ಆಕೆಯ ಕೈ ಹಿಡಿದುಕೊಂಡರು. ನಮ್ಮ ಕಡೆ ತಿರುಗಿ, "ಹಾಕ್ರಿ ಇನ್ನ ಅಕ್ಕಿಕಾಳು" ಎಂದರು. ಹುಡುಗಿಯನ್ನು ಮತ್ತೆ ಕೇಳಲಿಲ್ಲ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಲಗ್ನವನ್ನು ದಾಟಿ, ಹರೆಯವನ್ನು ದಾಟಿ, ಚಿಣಿಕೋಲು ಆಡುವ ವಯಸ್ಸಿಗೆ ಹೋದರು. ಮುಂದಿನ ವರ್ಷದ ಮಳೆಗಾಲದಲ್ಲಿ ಒಂದು ಮುಂಜಾನೆ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು, ನಿದ್ದೆಯಲ್ಲೇ ಹೋದರು. ದುಃಖವೆಲ್ಲ ತಣ್ಣಗಾದ ಮೇಲೆ ಒಂದು ದಿನ ಅತ್ತೆ ನನ್ನ ತಲೆ ಬಾಚುತ್ತ ಅಂದಳು: "ಮೊದಲನೇ ಲಗ್ನ ಹಿರ್ಯಾರು ಮಾಡಿದ್ರು. ಅದರಾಗ ನಂದೇನೈತಿ? ಎರಡನೇದು ಮಾತ್ರ ನಾನೇ ಒಪ್ಪಿಸಿ ಮಾಡಿಕೊಂಡದ್ದು. ಅದೂ ಈ ಜೋರಬಾಯಿಲೇ."

ಈಗ ನಾನು ಅಂದಿನ ಅತ್ತೆಗಿಂತ ದೊಡ್ಡವಳು. ನಮ್ಮವರೂ ಇದ್ದಾರೆ. ಇತ್ತೀಚೆಗೆ ಅವರು ಚಹಾ ಕುಡಿದು, ಚಹಾ ಇನ್ನೂ ಬರಲಿಲ್ಲವಲ್ಲ ಎನ್ನುತ್ತಾರೆ. ನಾನು ಎರಡನೆಯ ಸಲ ಕೊಡುತ್ತೇನೆ. ನಾಳೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ಕುಷ್ಟಗಿಯಲ್ಲಿ ಒಬ್ಬ ಹುಡುಗಿ ಇದ್ದಾಳಂತೆ, ಹೇಗೆ ಎಂದು ಕೇಳಿದರೆ ಏನು ಹೇಳಬೇಕು ಎಂದು ಯೋಚಿಸಿಟ್ಟಿದ್ದೇನೆ. ಆಕೆಯ ಅಡಿಗೆಯ ಬಗ್ಗೆ ನಿಜ ಹೇಳುತ್ತೇನೆ, ಹಟದ ಬಗ್ಗೆಯೂ ನಿಜವನ್ನೇ ಹೇಳುತ್ತೇನೆ. ರೂಪದ ವಿಷಯ ಬಂದರೆ ಮಾತ್ರ, ಸಾಕ್ಷಿ ಹೇಳಲು ಬೇರೆ ಯಾರೂ ಉಳಿದಿಲ್ಲವಾದ್ದರಿಂದ, ಸ್ವಲ್ಪ ಧಾರಾಳವಾಗಿ ಮಾತಾಡಬೇಕೆಂದಿದ್ದೇನೆ.